ಕಣಗಲ ಹೂವಿನ ಗಿಡ, ಮತ್ತ ಮೇವಿನ ಬಣವಿ

ಸಿಕ್ಕಿದ್ದೆಲ್ಲಾ ಮೇಯೋ ಆಡು
ಕಣಗಲ ಗಿಡ ಮೂಸಿ ಬಿಟ್ಟು ಹೋಗೋದ್ಯಾಕ?

ಎಲೆ ಕಹಿ.
ಎಲೆ, ಹೂ, ಕಾಂಡ, ಬೇರು, ಎಲ್ಲಾದ್ರಾಗೂ ವಿಷ.
ಹೆಸರು ಓಲಿಯಾಂಡ್ರಿನ್.

ಭಾಗ್ಯನಗರದ ಅಂಗಳದಾಗ ಶಿವಪೂಜೆಗಂತ ಬೆಳಸ್ತೀವಿ.
ಹೂ ಚಂದ ಐತಿ ಬಿಡ್ರಿ!

ಆದ್ರ ವಿಷ ಹೊಟ್ಟಿಗೆ ಹೋತಂದ್ರ,
ವೋಲ್ಟೇಜ್ ಏರಿಳಿದಾಗ
ಬೋರ್‌ವೆಲ್ ಮೋಟಾರು ತಡವರಸ್ತದಲ್ಲ,
ಹಂಗ ಎದೆಬಡಿತ ತಾಳ ತಪ್ತದ.

ಹೆಚ್ಚು ಭಯ ಇರೋದು
ಸವರಿ ಒಗದ ಟೊಂಗಿದು.
ಒಣಗಿದ್ರ ಕಹಿ ಇಳೀತದ,
ವಿಷ ಹಂಗ ಉಳೀತದ.
ಮೇವಿನಾಗ ಬೆರೆತ್ರ
ಕುದುರಿ, ಎಮ್ಮಿಗೆ ಗೊತ್ತ ಆಗಂಗಿಲ್ಲ.
ಕಡಿಯೋ ಚಟದ ನಾಯಿಮರಿಗೂ ಅಪಾಯ.

ಜೊಲ್ಲು, ಭೇದಿ, ನಡುಕ ಕಂಡ್ರ
ಮನಿಮದ್ದು ಬ್ಯಾಡ.
ಪಶು ಸಹಾಯವಾಣಿ 1962ಕ್ಕ ಫೋನ್ ಹಚ್ರಿ.

ಟೊಂಗಿ ಸುಡಬ್ಯಾಡ್ರಿ, ಹೊಗಿನೂ ಕೆಟ್ಟದ್ದು.
ದನ ಹೋಗದ ಕಡೆ ಹೂಳ್ರಿ.