ಪ್ಯಾಕೆಟ್‌ನಲ್ಲಿರೋದು ನಿಜವಾಗ್ಲೂ ರೈಜೋಬಿಯಂ ಹೌದಾ? ಅದರ ಊಟ ನೋಡಿ ಹೇಳಬಹುದು

ನಾನು ತೊಗರಿ ಬೀಜಕ್ಕೆ ರೈಜೋಬಿಯಂ ಹಚ್ಚಿ ಬಿತ್ತಿದ್ದ ಒಂದು ವರ್ಷ, 40ನೇ ದಿನಕ್ಕೆ ಗಿಡ ಅಗೆದು ನೋಡಿದರೆ ಬೇರಲ್ಲಿ ಹೇಳಿಕೊಳ್ಳುವಂಥ ಒಂದು ಗಂಟೂ ಇರಲಿಲ್ಲ. ದುಡ್ಡು ಹೋಯ್ತು ಅನ್ನೋದಕ್ಕಿಂತ, ಆ ಪ್ಯಾಕೆಟ್‌ನಲ್ಲಿ ಏನಿತ್ತು ಅನ್ನೋ ಪ್ರಶ್ನೆ ತಲೆಯಲ್ಲಿ ಉಳೀತು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಆ ತೊಗರಿಗೆ ಗಾಳಿಯ ಸಾರಜನಕ ಹಿಡಿದು ಕೊಡೋದು ಇದೇ ಬ್ಯಾಕ್ಟೀರಿಯಾ. ಹಾಗಾಗಿ ಇದು ಸಣ್ಣ ಪ್ರಶ್ನೆ ಅಲ್ಲ.

ನೋಟದಲ್ಲಿ ಎಲ್ಲಾ ಒಂದೇ

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೈಜೋಬಿಯಂ ಒಂದು ಪುಟ್ಟ ಕಡ್ಡಿ. ಅದರ ಹತ್ತಿರದ ದಾಯಾದಿ ಅಗ್ರೋಬ್ಯಾಕ್ಟೀರಿಯಂ ಕೂಡ ಅಂಥದ್ದೇ ಕಡ್ಡಿ. ಒಂದು ಬೇರಲ್ಲಿ ಗಂಟು ಕಟ್ಟಿ ಗಿಡ ಸಾಕುತ್ತೆ, ಇನ್ನೊಂದು ದ್ರಾಕ್ಷಿ, ಗುಲಾಬಿಯಂಥ ಗಿಡಗಳ ಬುಡದಲ್ಲಿ ಗಡ್ಡೆ ರೋಗ ತರುತ್ತೆ. ಮುಖ ನೋಡಿ ಗುರುತು ಹಿಡಿಯೋಕೆ ಆಗಲ್ಲ. ಅದಕ್ಕೇ ಪ್ರಯೋಗಾಲಯದವರು ಎರಡು ಪ್ರಶ್ನೆ ಕೇಳ್ತಾರೆ: ಏನು ತಿನ್ನುತ್ತೆ? ತಿಂದ ಮೇಲೆ ಏನು ಬಿಡುತ್ತೆ?

ಮೊದಲನೇ ಪರೀಕ್ಷೆ ಹಾಲಿನ ಸಕ್ಕರೆ, ಅಂದ್ರೆ ಲ್ಯಾಕ್ಟೋಸ್. ಅಗ್ರೋಬ್ಯಾಕ್ಟೀರಿಯಂನ ಒಂದು ಮುಖ್ಯ ಗುಂಪು ಅದನ್ನ ಕೀಟೋಲ್ಯಾಕ್ಟೋಸ್ ಆಗಿ ಬದಲಿಸುತ್ತೆ. ಮೇಲೆ ಬೆನೆಡಿಕ್ಟ್ ದ್ರಾವಣ ಸುರಿದರೆ ಅದರ ಸುತ್ತ ಹಳದಿ ಉಂಗುರ ಮೂಡುತ್ತೆ. ರೈಜೋಬಿಯಂ ಸುತ್ತ ಆ ಉಂಗುರ ಬರೋದಿಲ್ಲ.

ಎರಡನೇದು ಮ್ಯಾನಿಟಾಲ್ ಸೇರಿಸಿದ ಆಹಾರದ ತಟ್ಟೆ. ಅದಕ್ಕೆ ಬಣ್ಣ ಬದಲಿಸುವ ಸೂಚಕ ಹಾಕಿರ್ತಾರೆ. ಬೇಗ ಬೆಳೆಯುವ ರೈಜೋಬಿಯಂ ಮೂರ್ನಾಲ್ಕು ದಿನದಲ್ಲಿ ಆಮ್ಲ ಬಿಟ್ಟು ತಟ್ಟೆಯನ್ನ ಹಳದಿ ಮಾಡುತ್ತೆ. ನಿಧಾನ ಬೆಳೆಯುವವು ವಾರದವರೆಗೂ ಸಮಯ ತಗೊಂಡು ಕ್ಷಾರ ಬಿಡ್ತವೆ, ತಟ್ಟೆ ನೀಲಿ ಆಗುತ್ತೆ. ಈ ವ್ಯತ್ಯಾಸ ಎಷ್ಟು ದೊಡ್ಡದು ಅಂದ್ರೆ, 1982ರಲ್ಲಿ ನಿಧಾನದ ಗುಂಪಿಗೆ ಬ್ರ್ಯಾಡಿರೈಜೋಬಿಯಂ ಅಂತ ಬೇರೆ ಕುಲವನ್ನೇ ಮಾಡಿದರು. ತೊಗರಿ ಬೇರಲ್ಲಿ ಹೆಚ್ಚಾಗಿ ಗಂಟು ಕಟ್ಟೋದು ಈ ನಿಧಾನದ ಗುಂಪು. ಕಡಲೆಗೆ ಬೇರೆಯೇ ಗುಂಪು ಬೇಕು. ಅದಕ್ಕೇ ಕಡಲೆ ಪ್ಯಾಕೆಟ್ ತಂದು ತೊಗರಿಗೆ ಹಚ್ಚಬೇಡಿ.

ಕಮಲಾಪುರದ ಬಾಳೆಗೂ ಇದೇ ಲೆಕ್ಕ

ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ಜಿಐ ಪಡೆದ ಕೆಂಪು ಬಾಳೆ ಬೆಳೆಯೋರು ಬುಡಕ್ಕೆ ಸ್ಯೂಡೊಮೊನಾಸ್ ಹಾಕ್ತಾರೆ. ಇಲ್ಲಿ ಮೂರು ಅಣ್ಣತಮ್ಮಂದಿರು ಇದಾರೆ, ಮೂವರೂ ಹಸಿರು-ಹಳದಿ ಹೊಳಪು ಕೊಡ್ತಾರೆ. ಎರಡು ಪರೀಕ್ಷೆ ಸಾಕು:

• ಜೆಲಾಟಿನ್ ಕರಗಿಸಲ್ಲ: ಪುಟಿಡಾ.
• ಜೆಲಾಟಿನ್ ಕರಗಿಸುತ್ತೆ, ಆದ್ರೆ 42 ಡಿಗ್ರಿಯಲ್ಲಿ ಬೆಳೆಯಲ್ಲ: ನಮಗೆ ಬೇಕಾದ ಫ್ಲೋರೆಸೆನ್ಸ್.
• ಜೆಲಾಟಿನ್ ಕರಗಿಸುತ್ತೆ, 42 ಡಿಗ್ರಿಯಲ್ಲೂ ಬೆಳೆಯುತ್ತೆ: ಎರುಜಿನೋಸಾ. ಇದು ಮನುಷ್ಯರ ಗಾಯಕ್ಕೂ ಸೋಂಕು ತರಬಲ್ಲದು.

ಮೂರನೇದು ತಪ್ಪಿ ಪ್ಯಾಕೆಟ್‌ಗೆ ಬಂದರೆ, ಬರಿಗೈಲಿ ಕಲಸೋ ನಮಗೇ ಅಪಾಯ. ಸ್ಯೂಡೊಮೊನಾಸ್ ಕಲಸುವಾಗ ಕೈಗವಸು ಹಾಕಿಕೊಳ್ಳಿ.

ಊಟದ ಪರೀಕ್ಷೆಗೂ ಮಿತಿ ಇದೆ. ಹುಳ ಕೊಲ್ಲೋ ಬಿಟಿ ಬ್ಯಾಕ್ಟೀರಿಯಾಕ್ಕೂ, ಊಟ ವಿಷ ಮಾಡೋ ಬ್ಯಾಸಿಲಸ್ ಸೀರಿಯಸ್‌ಗೂ ಈ ಪರೀಕ್ಷೆಗಳಲ್ಲಿ ವ್ಯತ್ಯಾಸ ಸಿಗಲ್ಲ. ಬಿಟಿಯೊಳಗಿನ ಪ್ರೋಟೀನ್ ಹರಳೇ ಅದರ ಗುರುತು. ಅದಕ್ಕೇ ಈಗ ಡಿಎನ್‌ಎ ಪರೀಕ್ಷೆಯನ್ನೂ ಜೊತೆಗೆ ಮಾಡ್ತಾರೆ.

ನಾವು ಏನು ಮಾಡಬಹುದು?

1. ಪ್ಯಾಕೆಟ್ ಮೇಲೆ ಬ್ಯಾಕ್ಟೀರಿಯಾದ ಪೂರ್ತಿ ಹೆಸರು, ಯಾವ ಬೆಳೆಗೆ, ಬ್ಯಾಚ್ ನಂಬರ್, ಅವಧಿ ನೋಡಿ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿ ರೂಪದ ರೈಜೋಬಿಯಂನಲ್ಲಿ ಒಂದು ಗ್ರಾಂಗೆ ಕನಿಷ್ಠ 5 ಕೋಟಿ, ದ್ರವದಲ್ಲಿ ಒಂದು ಮಿಲಿಗೆ 10 ಕೋಟಿ ಜೀವಂತ ಕೋಶ ಇರಬೇಕು.

2. ಬಿಸಿಲಲ್ಲಿ ಇಟ್ಟ ಪ್ಯಾಕೆಟ್ ತರಬೇಡಿ. ಹೆಸರು ಸರಿ ಇದ್ರೂ ಒಳಗಿನ ಜೀವ ಹೋಗಿರುತ್ತೆ.

3. ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚೋದಾದ್ರೆ ಮೊದಲು ಅದು, ಕೊನೆಗೆ ರೈಜೋಬಿಯಂ. ನೆರಳಲ್ಲಿ ಒಣಗಿಸಿ ಅವತ್ತೇ ಬಿತ್ತಿ.

4. ಪಕ್ಕದಲ್ಲಿ ನಾಲ್ಕು ಸಾಲು ರೈಜೋಬಿಯಂ ಹಚ್ಚದೆ ಬಿತ್ತಿ. 30–40 ದಿನಕ್ಕೆ ಎರಡೂ ಕಡೆ ಗಿಡ ಸಲಿಕೆಯಿಂದ ಅಗೆದು ಬೇರು ತೊಳೆಯಿರಿ. ಎಳೆದು ಕಿತ್ತರೆ ಕಪ್ಪು ಮಣ್ಣಲ್ಲೇ ಗಂಟು ಉಳಿಯುತ್ತೆ. ಗಂಟು ಸೀಳಿದಾಗ ಒಳಗೆ ಗುಲಾಬಿ-ಕೆಂಪು ಇದ್ರೆ ಕೆಲಸ ನಡೀತಿದೆ. ಬಿಳಿ, ಹಸಿರು ಇದ್ರೆ ಇಲ್ಲ.

5. ಗಂಟೇ ಇಲ್ಲ ಅಂದ್ರೆ ನೇರ ಪ್ಯಾಕೆಟ್ ಮೇಲೆ ತಪ್ಪು ಹೊರಿಸಬೇಡಿ. ಯೂರಿಯಾ ಜಾಸ್ತಿ ಆದ್ರೂ, ನೀರು ನಿಂತ್ರೂ ಗಂಟು ಕಟ್ಟಲ್ಲ. ಅದೆರಡೂ ಇಲ್ಲದಿದ್ರೆ ಬಿಲ್ಲು, ಫೋಟೋ ಹಿಡ್ಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಅಂಗಡಿಯಿಂದ ಮಾದರಿ ತೆಗೆದು ಪರೀಕ್ಷೆಗೆ ಕಳಿಸೋ ಅಧಿಕಾರ ಕೃಷಿ ಇಲಾಖೆಗೆ ಇದೆ.

ಆ ವರ್ಷ ನಾನು ಬಿಲ್ಲೂ ಇಟ್ಟಿರಲಿಲ್ಲ, ಖಾಲಿ ಪ್ಯಾಕೆಟ್ಟೂ ಇಟ್ಟಿರಲಿಲ್ಲ. ಅದಕ್ಕೇ ಒಳಗೆ ಏನಿತ್ತು ಅಂತ ಇವತ್ತಿಗೂ ಗೊತ್ತಿಲ್ಲ. ನೀವು ಈ ಸಲ ಬಿತ್ತೋ ದಿನವೇ ಎರಡರದ್ದೂ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ರಿ.