ಸತ್ತ ಸಾಲೇ ಕೊಂದ ಸಾಲಲ್ಲ

ಜಾಲತಾಣ ತೆರೆದರೆ ಬರೀ ಬಿಳಿ ಪುಟ. ಇಲ್ಲವೇ 500 ಎಂಬ ಅಂಕಿ, ಅದರ ಜೊತೆಗೊಂದು ಇಂಗ್ಲಿಷ್ ಸಾಲು. ನೆಟ್ ಕೈಕೊಟ್ಟಿತೆಂದು ನಾವು ರೂಟರ್ ಆರಿಸಿ ಮತ್ತೆ ಹಚ್ಚುತ್ತೇವೆ. ಪಾಪ, ರೂಟರಿನದೇನೂ ತಪ್ಪಿಲ್ಲ. 500 ಬಂತೆಂದರೆ ನಮ್ಮ ಕೋರಿಕೆ ಸರ್ವರ್‌ಗೆ ತಲುಪಿದೆ, ಉತ್ತರ ಸಿದ್ಧಮಾಡಬೇಕಿದ್ದ ಸ್ಕ್ರಿಪ್ಟ್ ಹೆಚ್ಚಾಗಿ ಅರ್ಧದಲ್ಲೇ ಸತ್ತಿದೆ.

ವರ್ಡ್‌ಪ್ರೆಸ್ ತಾಣಗಳೂ ಕನ್ನಡ ವಿಕಿಪೀಡಿಯವೂ ಪಿಎಚ್‌ಪಿ ಎಂಬ ಭಾಷೆಯ ಮೇಲೆ ನಿಂತಿವೆ. ರಾಸ್ಮಸ್ ಲೆರ್ಡಾರ್ಫ್ ತನ್ನ ಬಯೋಡೇಟಾ ಪುಟಕ್ಕೆ ಎಷ್ಟು ಜನ ಬಂದುಹೋದರೆಂದು ತಿಳಿಯಲು ಬರೆದುಕೊಂಡಿದ್ದ ಸಣ್ಣ ಸಲಕರಣೆಗಳನ್ನು 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ. ಭಾಷೆ ಬೆಳೆದದ್ದು ಅಲ್ಲಿಂದ. ಹುಟ್ಟಿನಿಂದಲೇ ಇದರದು ತಪ್ಪನ್ನು ಸಹಿಸಿಕೊಳ್ಳುವ ಸ್ವಭಾವ. ಸಣ್ಣ ತಪ್ಪಾದರೆ ನೋಟಿಸ್ ಅಥವಾ ವಾರ್ನಿಂಗ್ ಕೊಟ್ಟು ಮುಂದಕ್ಕೆ ಹೋಗುತ್ತದೆ. ಇನ್ನು ಮುಂದೆ ಹೋಗಲಾರೆ ಎನ್ನುವಂಥದ್ದು ಫೇಟಲ್ ಎರರ್. ಒಬ್ಬರ ಕೋರಿಕೆ ಸತ್ತರೂ ಪಕ್ಕದವರದು ಸಾಯುವುದಿಲ್ಲ, ಏಕೆಂದರೆ ಪ್ರತಿ ಕೋರಿಕೆಗೂ ಪಿಎಚ್‌ಪಿ ಹೊಸದಾಗಿ ಕೆಲಸ ಶುರುಮಾಡಿ, ಮುಗಿದ ಮೇಲೆ ಎಲ್ಲವನ್ನೂ ಮರೆತುಬಿಡುತ್ತದೆ. ಈ ಮರೆವು ಒಂದು ವರ. ತಪ್ಪು ಹುಡುಕುವವರಿಗೆ ಮಾತ್ರ ಇದೇ ತಲೆನೋವು.

ಬಿಳಿ ಪುಟದ ಹಿಂದೆ ಸಂದೇಶ ಇರುವುದಿಲ್ಲವೆಂದಲ್ಲ. ಫೈಲುಗಳ ವಿಳಾಸ, ಡೇಟಾಬೇಸ್ ಹೆಸರು ಕಂಡವರ ಕಣ್ಣಿಗೆ ಬೀಳಬಾರದೆಂದು ಜನ ಬಳಸುವ ಸರ್ವರಿನಲ್ಲಿ 'ಡಿಸ್‌ಪ್ಲೇ ಎರರ್ಸ್' ಎಂಬ ಸೆಟ್ಟಿಂಗನ್ನು ಆಫ್ ಮಾಡಿರುತ್ತಾರೆ, ಮಾಡಿರಲೇಬೇಕು. ಸಂದೇಶ ಲಾಗ್ ಫೈಲಿನಲ್ಲಿ ಕೂತಿರುತ್ತದೆ. ಅದನ್ನು ತೆರೆಯದೆ ಕೋಡ್ ತಿದ್ದಲು ಹೊರಡುವವರೇ ಹೆಚ್ಚು. ಯಾವ ಬಗೆಯ ತಪ್ಪು, ಏನಾಯಿತು, ಯಾವ ಫೈಲು, ಎಷ್ಟನೇ ಸಾಲು ಎಂಬ ನಾಲ್ಕೂ ಅಲ್ಲಿ ಸಿಗುತ್ತವೆ. ಆದರೆ ಇದು ಪೊಲೀಸರ ಸ್ಥಳ ಮಹಜರಿನಂತೆ: ಹೆಣ ಬಿದ್ದ ಜಾಗ ಹೇಳುತ್ತದೆ, ಕೊಂದವರು ಯಾರೆಂದು ಹೇಳುವುದಿಲ್ಲ.

ಕನ್ನಡ ತಾಣಗಳಿಗೇ ಒದಗಬಹುದಾದ ಒಂದು ಪ್ರಸಂಗ ನೋಡಿ. 'ಕನ್ನಡ' ಎಂಬುದು ಓದುವ ನಮಗೆ ಮೂರು ಅಕ್ಷರ. ಯೂನಿಕೋಡ್‌ಗೆ ಐದು ಸಂಕೇತ, ಏಕೆಂದರೆ ಒತ್ತಕ್ಷರದೊಳಗೆ ಎರಡು ನಕಾರ, ನಡುವೆ ಒಂದು ಹಲಂತ ಚಿಹ್ನೆ (್) ಇದೆ. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು, ಒಟ್ಟು 15. ಪಿಎಚ್‌ಪಿಯ ಹಳೆಯ 'ಸಬ್‌ಸ್ಟ್ರ್' ಫಂಕ್ಷನ್ ಎಣಿಸುವುದು ಬೈಟುಗಳನ್ನು. ಸುದ್ದಿಯ ಮೊದಲ 100 ಬೈಟುಗಳನ್ನು ಸಾರಾಂಶವೆಂದು ಕತ್ತರಿಸಿದರೆ ಕತ್ತರಿ ಕೆಲವೊಮ್ಮೆ ಸಂಕೇತದ ಹೊಟ್ಟೆಯ ಮೇಲೇ ಬೀಳುತ್ತದೆ. ಪದಗಳ ನಡುವಿನ ಖಾಲಿ ಜಾಗಕ್ಕೆ ಒಂದೇ ಬೈಟ್ ಆದ್ದರಿಂದ ಎಲ್ಲ ಸುದ್ದಿಗಳಲ್ಲೂ ಹೀಗಾಗುವುದಿಲ್ಲ. ಒಂದು ದಿನ ಸರಿ, ಇನ್ನೊಂದು ದಿನ ಕೆಟ್ಟಿತು ಎಂಬ ದೂರಿನ ಗುಟ್ಟು ಇದೇ.

ಕತ್ತರಿಸಿದಾಗ ಯಾವ ದೂರೂ ಬರುವುದಿಲ್ಲ. ಆಮೇಲೆ ಇಂಥ ಸಾರಾಂಶಗಳಿರುವ ಸುದ್ದಿಪಟ್ಟಿಯನ್ನು ಜೇಸನ್ ಎಂಬ ಪಠ್ಯರೂಪಕ್ಕೆ ತಿರುಗಿಸುವ ಫಂಕ್ಷನ್, ಮುರಿದ ಸಂಕೇತ ಕಂಡು ಪಟ್ಟಿಯ ಬದಲು ಸದ್ದಿಲ್ಲದೆ 'ಫಾಲ್ಸ್' ಮರಳಿಸುತ್ತದೆ. ಸ್ಕ್ರಿಪ್ಟ್ ಅದನ್ನೇ ಮುಂದಿನ ಕೋರಿಕೆಗಳಿಗೆಂದು ಎತ್ತಿಡುವ ಕ್ಯಾಶ್ ಫೈಲಿಗೆ ಬರೆದರೆ ಫೈಲು ಖಾಲಿ. ಸ್ಕ್ರಿಪ್ಟ್ ಮಾತ್ರ ನೆಮ್ಮದಿಯಾಗಿ ಕೆಲಸ ಮುಗಿಸಿ ಹೊರಡುತ್ತದೆ. ಬಳಿಕ ಬಂದ ಓದುಗರಿಗೆ ಮುಖಪುಟ ತೋರಿಸಲು ಬೇರೊಂದು ಸ್ಕ್ರಿಪ್ಟ್ ಆ ಫೈಲನ್ನು ಓದಿದಾಗ ಸಿಗುವುದು ನಲ್, ಅಂದರೆ 'ಏನೂ ಇಲ್ಲ'. ಸುದ್ದಿ ಎಷ್ಟಿವೆ ಎಂದು 'ಕೌಂಟ್' ಮಾಡಹೊರಟ ಸಾಲಿನಲ್ಲಿ ಆ ಸ್ಕ್ರಿಪ್ಟ್ ಸಾಯುತ್ತದೆ. ಲಾಗ್ ತೋರಿಸುವುದು ಆ ಸಾಲನ್ನು. ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂದು ತಿಳಿಸುವ ಸ್ಟ್ಯಾಕ್ ಟ್ರೇಸ್‌ನಲ್ಲೂ ಕೊಂದವನಿಲ್ಲ. ಅವನು ಹಿಂದಿನ ಕೋರಿಕೆಯೊಂದರಲ್ಲೇ ಬಂದು ಹೋಗಿಯಾಗಿದೆ.

ಪಿಎಚ್‌ಪಿ 7.1ರವರೆಗೂ ನಲ್ ಅನ್ನು ಎಣಿಸಿದರೆ 0 ಎಂದು ಸುಮ್ಮನೆ ಉತ್ತರ ಬರುತ್ತಿತ್ತು. 7.2ರಲ್ಲಿ ವಾರ್ನಿಂಗ್ ಸೇರಿತು. 2020ರ ನವೆಂಬರ್‌ನಲ್ಲಿ ಬಂದ 8.0ರಲ್ಲಿ ಅದೇ ಸ್ಕ್ರಿಪ್ಟನ್ನು ಕೊಲ್ಲುವ ಟೈಪ್ ಎರರ್ ಆಯಿತು. ಹಾಗಾಗಿ ಹೊಸ ಆವೃತ್ತಿ ಹಾಕಿದ್ದೇ ತಪ್ಪಾಯಿತು ಎಂಬ ಗೊಣಗಾಟ. ನನ್ನ ಮಟ್ಟಿಗೆ ಹಳೆಯದೇ ಹೆಚ್ಚು ಅಪಾಯಕಾರಿ: ಸುದ್ದಿಯೇ ಇಲ್ಲದ ಮುಖಪುಟವನ್ನು ಏನೂ ಆಗಿಲ್ಲವೆಂಬಂತೆ ತೋರಿಸುತ್ತಿತ್ತು. ಎಣಿಸುವ ಮುನ್ನ 'ಇದು ಪಟ್ಟಿಯೇ?' ಎಂದು ಕೇಳುವ ಒಂದು ಸಾಲು ಸೇರಿಸಿ ಕೈತೊಳೆದುಕೊಂಡರೆ ಮತ್ತೆ ಅಲ್ಲಿಗೇ ಮರಳಿದಂತೆ. ಈ ನಲ್ ಎಲ್ಲಿಂದ ಬಂತು ಎಂದು ಹಿಂದಕ್ಕೆ ನಡೆಯಬೇಕು. ಕ್ಯಾಶ್ ಫೈಲಿನ ಗಾತ್ರ 0 ಬೈಟ್. ಅದು ಬರೆಯಲ್ಪಟ್ಟ ಹೊತ್ತಿಗೆ ಯಾವ ಸುದ್ದಿ ಸೇರಿತ್ತೆಂದು ನೋಡಿದರೆ ಮುರಿದ ಸಾರಾಂಶ ಸಿಕ್ಕಿಬಿಡುತ್ತದೆ. ಮದ್ದು 'ಎಂಬಿ ಸಬ್‌ಸ್ಟ್ರ್', ಅದು ಬೈಟಲ್ಲ, ಸಂಕೇತಗಳನ್ನು ಎಣಿಸುತ್ತದೆ. ಸರ್ವರಿನಲ್ಲಿ 'ಎಂಬಿ ಸ್ಟ್ರಿಂಗ್' ಎಂಬ ಎಕ್ಸ್‌ಟೆನ್ಶನ್ ಇರದಿದ್ದರೆ ಈ ಮದ್ದೇ 'ಇಂಥ ಫಂಕ್ಷನ್ ಇಲ್ಲ' ಎಂದು ಸ್ಕ್ರಿಪ್ಟನ್ನು ಕೊಲ್ಲುತ್ತದೆ, ಎಚ್ಚರ!

ಮೆಮೊರಿ ಮುಗಿಯಿತೆನ್ನುವ ಇನ್ನೊಂದು ಹೆಸರುವಾಸಿ ಸಂದೇಶದಲ್ಲಿ 134217728 ಎಂಬ ಭಯಂಕರ ಅಂಕಿ ಇರುತ್ತದೆ. ಗಾಬರಿ ಬೇಡ, 1024ರಿಂದ ಎರಡು ಸಲ ಭಾಗಿಸಿದರೆ 128. ಒಂದು ಸ್ಕ್ರಿಪ್ಟ್‌ಗೆ ಪಿಎಚ್‌ಪಿ ತಾನಾಗಿ ಗೊತ್ತುಮಾಡಿರುವ ಮೆಮೊರಿ ಮಿತಿ, ಎಂಬಿಗಳಲ್ಲಿ. ಇಲ್ಲಿಯೂ ಲಾಗ್ ತೋರಿಸುವ ಸಾಲು ಕೊನೆಯಲ್ಲಿ ಕೈಯೊಡ್ಡಿದ ಬಡಪಾಯಿ ಅಷ್ಟೆ. ನಿಜವಾಗಿ ನುಂಗಿದ್ದು ಲಕ್ಷಗಟ್ಟಲೆ ದಾಖಲೆಗಳನ್ನು ಒಟ್ಟಿಗೇ ತರಿಸಿಕೊಂಡ ಇನ್ನಾವುದೋ ಸಾಲು. ಮಿತಿಯನ್ನು 512ಕ್ಕೆ ಏರಿಸುವುದು ಸುಲಭ. ಏಕಕಾಲಕ್ಕೆ 20 ಮಂದಿ ಅದೇ ಪುಟ ತೆರೆದರೆ 10 ಜಿಬಿ ಬೇಕಾದೀತು. ದಾಖಲೆಗಳನ್ನು ಪುಟಕ್ಕೆ ಐವತ್ತರಂತೆ ತರಿಸಿಕೊಂಡರೆ ಹಳೆಯ ಮಿತಿಯೇ ಧಾರಾಳ.

2015ರಲ್ಲಿ ಬಂದ ಪಿಎಚ್‌ಪಿ 7, ಹಲವು ಫೇಟಲ್ ಎರರ್‌ಗಳನ್ನು ಕೋಡಿನೊಳಗೇ ಹಿಡಿಯಲು ಅವಕಾಶ ಕೊಟ್ಟಿತು. ಹಿಡಿದು ಲಾಗ್‌ಗೆ ಬರೆದು ಓದುಗರಿಗೊಂದು ಸಭ್ಯ ಪುಟ ತೋರಿಸಿದರೆ ಒಳ್ಳೆಯದು. ಹಿಡಿದು ಏನೂ ಮಾಡದೆ ಬಿಡುವುದು ಸಾಕ್ಷ್ಯನಾಶ.

ನೀವು ಕೋಡ್ ಬರೆಯದ, ಬರೀ ತಾಣದ ಮಾಲೀಕರಾದರೆ ಡೆವಲಪರ್‌ಗೆ 'ಸೈಟ್ ಓಪನ್ ಆಗ್ತಿಲ್ಲ' ಎಂದಷ್ಟೇ ವಾಟ್ಸ್‌ಆ್ಯಪ್ ಮಾಡಬೇಡಿ. ಯಾವ ಪುಟ, ಎಷ್ಟು ಗಂಟೆ ಎಷ್ಟು ನಿಮಿಷ ಎಂದು ಬರೆಯಿರಿ. ಸಾವಿರಾರು ಸಾಲಿನ ಲಾಗ್‌ನಲ್ಲಿ ನಿಮ್ಮ ತಪ್ಪನ್ನು ಹುಡುಕಲು ಅವರಿಗೆ ಬೇಕಾಗುವುದು ಮೊದಲು ಅದೇ.