ಎರಡನೆಯ ಆಟ ಮತ್ತು ಕೊನೆಯ ಲೋಕಲ್: ಠಾಣೆ–ಕಲ್ಯಾಣ ಪ್ರದೇಶದ ಕನ್ನಡ ಪ್ರೇಕ್ಷಕರನ್ನು ಕುರಿತು

ಚಲನಚಿತ್ರ ಅಧ್ಯಯನದಲ್ಲಿ 'ಕಲ್ಟ್ ಚಿತ್ರ' ಎಂಬ ಮಾತು ಯಶಸ್ವೀ ಚಿತ್ರ ಎಂಬ ಅರ್ಥದಲ್ಲಿ ಬಳಕೆಯಾಗುವುದಿಲ್ಲ. ಒಂದು ಸಣ್ಣ ಪ್ರೇಕ್ಷಕವರ್ಗವು ಮತ್ತೆ ಮತ್ತೆ ನೋಡಿ, ಸಂಭಾಷಣೆಯನ್ನು ಬಾಯಿಪಾಠ ಮಾಡಿಕೊಂಡು, ತನ್ನದೆಂದು ಸ್ವೀಕರಿಸಿದ ಚಿತ್ರವನ್ನು ಆ ಹೆಸರಿನಿಂದ ಕರೆಯಲಾಗುತ್ತದೆ. ಇದರ ಚರಿತ್ರೆಯು ಸಾಮಾನ್ಯವಾಗಿ ನ್ಯೂಯಾರ್ಕಿನಿಂದ ಆರಂಭವಾಗುತ್ತದೆ. 1970ರ ಡಿಸೆಂಬರಿನಲ್ಲಿ ಎಲ್ಗಿನ್ ಎಂಬ ಬಡಾವಣೆಯ ಚಿತ್ರಮಂದಿರದಲ್ಲಿ ಬೆನ್ ಬರೆನ್‌ಹೋಲ್ಟ್ಸ್ ಅವರು 'ಎಲ್ ತೋಪೊ' ಚಿತ್ರವನ್ನು ಮಧ್ಯರಾತ್ರಿಯಲ್ಲಿ ತೋರಿಸತೊಡಗಿದರು. 1976ರ ಏಪ್ರಿಲ್ 1ರಂದು ಅದೇ ನಗರದ ವೇವರ್ಲಿಯಲ್ಲಿ 'ದಿ ರಾಕಿ ಹಾರರ್ ಪಿಕ್ಚರ್ ಶೋ' ಚಿತ್ರದ ಮಧ್ಯರಾತ್ರಿಯ ಪ್ರದರ್ಶನಗಳು ಮೊದಲಾದವು. ಕ್ರಮೇಣ ಪ್ರೇಕ್ಷಕರು ತೆರೆಗೆ ಎದುರುತ್ತರ ಕೊಡುವುದು, ಅಕ್ಕಿ ಎರಚುವುದು ಅಲ್ಲಿ ಪದ್ಧತಿಯೇ ಆಯಿತು. ಇಂಥ ಪ್ರದರ್ಶನಕ್ಕೆ ಸಮಾನವಾದುದು ಕನ್ನಡಿಗರಲ್ಲಿ ಉಂಟೇ, ಮುಂಬಯಿಯ ಹೊರವಲಯದ ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳ ಕನ್ನಡಿಗರಿಗೆ ಅದು ಏಕೆ ಒದಗಲಿಲ್ಲ ಎಂಬುದನ್ನು ನಾವಿಲ್ಲಿ ವಿವೇಚಿಸಲಿದ್ದೇವೆ. (ಈ ಕಲ್ಯಾಣವು ಶರಣರ ಕಲ್ಯಾಣವಲ್ಲವೆಂಬುದನ್ನು ಹೊರನಾಡಿನ ವಿದ್ವಾಂಸರು ಗಮನಿಸಬೇಕು.)

ಗೊತ್ತಿರುವ ಕಥೆಯನ್ನು ರಾತ್ರಿಯೆಲ್ಲ ಕುಳಿತು ನೋಡುವುದು ಕನ್ನಡ ಪ್ರೇಕ್ಷಕನಿಗೆ ಹೊಸತಲ್ಲ. ಕರಾವಳಿಯ ಯಕ್ಷಗಾನ ಬಯಲಾಟವು ನಡೆದುಬಂದಿರುವುದೇ ಹಾಗೆ. ಮುಂದೇನಾಗುವುದೆಂಬ ಕುತೂಹಲಕ್ಕಿಂತ ಈ ದಿನ ಈ ವೇಷಧಾರಿ ಹೇಗೆ ನಿರ್ವಹಿಸುತ್ತಾನೆಂಬ ಕುತೂಹಲವೇ ಅಲ್ಲಿ ಹಿರಿದು. ಟೂರಿಂಗ್ ಟಾಕೀಸುಗಳು ಕತ್ತಲನ್ನೇ ಅವಲಂಬಿಸಿದ್ದುದರಿಂದ ಅವುಗಳ ಆಟಗಳು ಸಂಜೆಯ ಮೇಲೆಯೇ ನಡೆಯುತ್ತಿದ್ದವು. ಎರಡನೆಯ ಆಟಕ್ಕೆ ದುಡಿಮೆ ಮುಗಿಸಿದವರು ಬರುತ್ತಿದ್ದರು.

ಕನ್ನಡದಲ್ಲಿ ಕಲ್ಟ್ ಎಂಬ ಹೆಸರಿಗೆ ನಿಸ್ಸಂದೇಹವಾಗಿ ಸಲ್ಲುವ ಚಿತ್ರವೆಂದರೆ ಉಪೇಂದ್ರ ಅವರ ನಿರ್ದೇಶನದಲ್ಲಿ ಶಿವರಾಜಕುಮಾರ್ ನಟಿಸಿ 1995ರಲ್ಲಿ ತೆರೆಕಂಡ 'ಓಂ'. ಅದು 500ಕ್ಕೂ ಹೆಚ್ಚು ಬಾರಿ ಮರುಬಿಡುಗಡೆಯಾಯಿತೆಂಬ ಮಾತು ಪ್ರಚಾರದಲ್ಲಿದೆ. ಒಂದೊಂದು ಊರಿನ ಒಂದೊಂದು ಪ್ರದರ್ಶನವನ್ನೂ ಬಿಡುಗಡೆಯೆಂದು ಎಣಿಸಿದರೆ ಸಂಖ್ಯೆ ಬೆಳೆಯುವುದು ಸಹಜವಾದ್ದರಿಂದ ಆ ಅಂಕಿಗಿಂತ ಅದರ ಹಿಂದಿನ ಕಾರಣವೇ ನಮಗೆ ಮುಖ್ಯವೆನಿಸುತ್ತದೆ. 2015ರವರೆಗೆ, ಅಂದರೆ ಸುಮಾರು 20 ವರ್ಷ, ಈ ಚಿತ್ರವು ಕಿರುತೆರೆಯ ವಾಹಿನಿಗಳಲ್ಲಿ ಪ್ರಸಾರವಾಗಲಿಲ್ಲ. ಮತ್ತೊಮ್ಮೆ ನೋಡಬೇಕೆಂಬವನಿಗೆ ಚಿತ್ರಮಂದಿರವೇ ಪ್ರಶಸ್ತ ಮಾರ್ಗವಾಗಿತ್ತು. ಬೆಂಗಳೂರಿನ ಕಪಾಲಿಯಂಥ ಚಿತ್ರಮಂದಿರಗಳಲ್ಲಿ ಅದು ಪದೇ ಪದೇ ತೆರೆಗೆ ಬಂದುದು ಈ ಹಿನ್ನೆಲೆಯಲ್ಲಿ.

ಇನ್ನು ಮುಂಬಯಿಯ ಹೊರವಲಯದ ವಿಚಾರ. ಇಲ್ಲಿ ಪ್ರೇಕ್ಷಕರಿಗೆ ಕೊರತೆಯಿರಲಿಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿಯ ಕಡೆಯಿಂದ ಹೋಟೆಲು ಕೆಲಸಕ್ಕೆ ಬಂದ ಹುಡುಗರು ಹೋಟೆಲಿನಲ್ಲಿಯೇ ಉಂಡು, ಬಾಗಿಲು ಮುಚ್ಚಿದ ಮೇಲೆ ಅಲ್ಲಿಯೇ ಮಲಗುತ್ತಿದ್ದರು. ಅವರ ಪಾಲಿಗೆ ಬಿಡುವು ಎಂಬುದು ರಾತ್ರಿಯಲ್ಲಿ ಮಾತ್ರ ಇತ್ತು. ಮುಂಬಯಿಯ ಕನ್ನಡ ರಾತ್ರಿಶಾಲೆಗಳೂ ಹುಟ್ಟಿಕೊಂಡದ್ದು ಇಂಥ ದುಡಿಯುವ ಹುಡುಗರಿಗಾಗಿಯೇ. ರಾತ್ರಿಶಾಲೆಯ ಚರಿತ್ರೆಯನ್ನು ಅಭಿಮಾನದಿಂದ ಬರೆದಿಟ್ಟ ನಾವು, ಅದೇ ಹುಡುಗರು ನೋಡಿದ ಎರಡನೆಯ ಆಟವನ್ನು ಬರೆಯಲು ಸಂಕೋಚಪಟ್ಟೆವೇನೋ.

ಆದರೆ ಬಡಾವಣೆಯ ರಾತ್ರಿ ಪ್ರದರ್ಶನಕ್ಕೆ ಒಂದು ನಿಬಂಧನೆಯುಂಟು: ಆಟ ಬಿಟ್ಟ ಮೇಲೆ ಪ್ರೇಕ್ಷಕನು ನಡೆದು ಮನೆ ಸೇರುವಂತಿರಬೇಕು. ಎರಡನೆಯ ಆಟ ಮುಗಿಯುವುದು ಮಧ್ಯರಾತ್ರಿಯ ಸುಮಾರಿಗೆ. ಕೊನೆಯ ಲೋಕಲ್ ಹೊರಡುವುದೂ ಅದೇ ಹೊತ್ತಿಗೆ. ಹಿಂದಿ, ಮರಾಠಿ ಚಿತ್ರಗಳಿಗೆ ಆಯಾ ಬಡಾವಣೆಯೇ ಮಂದಿರವನ್ನು ತುಂಬಬಲ್ಲದು. ಕನ್ನಡಿಗರಾದರೋ ರೈಲುಮಾರ್ಗದ ಉದ್ದಕ್ಕೂ ಹಂಚಿಹೋಗಿದ್ದಾರೆ. ಠಾಣೆಯಲ್ಲಿ ಕೆಲವರು, ಡೊಂಬಿವಲಿಯಲ್ಲಿ ಕೆಲವರು. 1992ರಲ್ಲಿ ಖಾಡಿಯನ್ನು ದಾಟಿ ವಾಶಿಗೆ ರೈಲು ಬಂದ ಮೇಲೆ ನವಿ ಮುಂಬಯಿಯಲ್ಲಿ ಇನ್ನೂ ಕೆಲವರು. ಠಾಣೆ–ವಾಶಿ ನೇರ ಮಾರ್ಗವು 2004ರವರೆಗೆ ಇರಲೇ ಇಲ್ಲ. ಇವರನ್ನೆಲ್ಲ ಒಂದು ಮಂದಿರಕ್ಕೆ ಕೂಡಿಸಬೇಕಾದರೆ ಹಗಲಿನ ಹೊತ್ತೇ ಬೇಕು, ಅದರಲ್ಲಿಯೂ ರಜೆಯ ದಿನವೇ ಬೇಕು. ಹೋಟೆಲಿನ ಹುಡುಗನಿಗೆ ರಜೆಯ ದಿನವೇ ಹೆಚ್ಚು ಗಿರಾಕಿ. ಹೀಗಾಗಿ ಕನ್ನಡ ಚಿತ್ರಕ್ಕೆ ಅನುಕೂಲವಾದ ವೇಳೆಯು ಅದರ ಸಹಜ ಪ್ರೇಕ್ಷಕನಿಗೆ ಪ್ರತಿಕೂಲವಾಗಿತ್ತು. ರಾತ್ರಿಯ ಆಟಕ್ಕೆ ಒಂಟಿಯಾಗಿ ಬರಲಾಗದ ಹೆಂಗಸರಿಗೆ ಮಾತ್ರ ಹಗಲಿನ ಪ್ರದರ್ಶನವೇ ಸಿನಿಮಾದ ಬಾಗಿಲಾಗಿತ್ತೆಂಬುದನ್ನೂ ಮರೆಯಬಾರದು.

ಯಕ್ಷಗಾನಕ್ಕೂ ಇಲ್ಲಿ ಇದೇ ಗತಿ ಒದಗಿದೆ. ಮಳೆಗಾಲದಲ್ಲಿ ಊರಿನ ತಿರುಗಾಟ ನಿಂತಾಗ ಕಲಾವಿದರ ತಂಡಗಳು ಮುಂಬಯಿಗೆ ಬರುತ್ತವೆ. ಠಾಣೆಯ ಗಡಕರಿ ರಂಗಾಯತನ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹದಂಥ ಸಭಾಗೃಹಗಳು ಇಂತಿಷ್ಟು ಗಂಟೆಗೆ ಇಂತಿಷ್ಟು ಬಾಡಿಗೆಯೆಂಬ ಲೆಕ್ಕದವು. ಬೆಳಗಿನವರೆಗಿನ ಆಟವು ಮೂರು ನಾಲ್ಕು ಗಂಟೆಗಳ ಕಾಲಮಿತಿಗೆ ಒಳಪಟ್ಟಿತು. ಪ್ರಸಂಗ ಉಳಿಯಿತು, ಹೋದದ್ದು ರಾತ್ರಿ.

ಈ ಸಂದರ್ಭದಲ್ಲಿ ಪವನ್ ಕುಮಾರ್ ಅವರ 'ಲೂಸಿಯಾ' (2013) ಚಿತ್ರವನ್ನು ಹೆಸರಿಸುವುದು ಅಪ್ರಸ್ತುತವಾಗಲಾರದು. ಪ್ರೇಕ್ಷಕರಿಂದಲೇ ಬಂಡವಾಳ ಕೂಡಿಸಿ ತಯಾರಿಸಿದ ಈ ಚಿತ್ರದ ನಾಯಕನು ಸೊರಗಿದ ಚಿತ್ರಮಂದಿರವೊಂದರಲ್ಲಿ ಟಾರ್ಚು ಹಿಡಿದು ಆಸನ ತೋರಿಸುವ, ನಿದ್ರೆ ಬಾರದ ಯುವಕ. ಹೊರನಾಡಿನ ಕನ್ನಡಿಗರು ಇದನ್ನು ನೋಡುವ ವೇಳೆಗೆ ಅಂಥ ಒಂಟಿತೆರೆಯ ಮಂದಿರಗಳೇ ವಿರಳವಾಗುತ್ತಿದ್ದವು.

ಈ ವಿಷಯದಲ್ಲಿ ಸಂಶೋಧನೆಗೆ ತೊಡಗುವವರಿಗೆ ಮೊದಲ ಆಕರವಾಗಿ ತೋರುವುದು ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳು. ಅವು ಉಪಯುಕ್ತವೇ ಹೌದು. ಆದರೆ ಅವನ್ನು ಅಚ್ಚು ಹಾಕಿಸಿದವರು ಹೋಟೆಲಿನ ಮಾಲೀಕರು, ಬ್ಯಾಂಕಿನ ಅಧಿಕಾರಿಗಳು, ಅಧ್ಯಾಪಕರು. ಲೋಟ ತೊಳೆದು, ಕೈ ಒರೆಸಿಕೊಂಡು, ಎರಡನೆಯ ಆಟಕ್ಕೆ ಓಡಿದವನ ಬಳಿ ಸಂಚಿಕೆಯಿಲ್ಲ, ಟಿಕೆಟಿನ ಚೂರೂ ಇಲ್ಲ. ಅವನು ಈಗ ಮುದುಕನಾಗಿ ಊರಿಗೆ ಮರಳಿರಬಹುದು. ಠಾಣೆಯ ಈ ಚರಿತ್ರೆಯ ಕ್ಷೇತ್ರಕಾರ್ಯವು ಆದಕಾರಣ ಕುಂದಾಪುರ, ಕಾರ್ಕಳಗಳಲ್ಲಿಯೂ ನಡೆಯಬೇಕಾಗುತ್ತದೆ.